ಮೂರು ವಾರ್ಡು, 9 ಲಕ್ಷ: ಬಹುಮತದ ಚೌಕಾಸಿ

ಬಹುಮತದಿಂದ ಹಣ ಹಂಚುವಾಗ ಸದಸ್ಯರು ಹೇಗೆ ಚೌಕಾಸಿ ಮಾಡುತ್ತಾರೆ ಅನ್ನುವ ಪಾಠವನ್ನು ಸೂತ್ರದಲ್ಲಿ ಓದಿದಾಗ ನನಗೆ ತಲೆಗೆ ಹತ್ತಲಿಲ್ಲ. ನಮ್ಮ ಕೊಡಗಿನ ಪಂಚಾಯಿತಿಯಂತೆ ಒಂದು ಲೆಕ್ಕ ಹಾಕಿಕೊಂಡ ಮೇಲೆ ಹತ್ತಿತು.

ಮೂರೇ ಸದಸ್ಯರು, 9 ಲಕ್ಷ ರೂಪಾಯಿ ಅಂದುಕೊಳ್ಳಿ. ಒಬ್ಬರಿಗೆ ತೋಟದ ರಸ್ತೆ ಆಗಬೇಕು. ಇನ್ನೊಬ್ಬರಿಗೆ ಆನೆ ಕಂದಕ. ಮೂರನೆಯವರಿಗೆ ತೋಡಿನ ಮೇಲೆ ಕಾಲುಸಂಕ. ಇಬ್ಬರು ಕೈ ಎತ್ತಿದರೆ ತೀರ್ಮಾನ. ಹಂಚಿಕೆ ಹೇಳುವವರು ಯಾರೆಂದು ಚೀಟಿ ಎತ್ತುತ್ತಾರೆ. ಆ ಹಂಚಿಕೆ ಮತದಲ್ಲಿ ಬಿದ್ದುಹೋದರೆ ಮತ್ತೆ ಚೀಟಿ.

ಚೀಟಿ ರಸ್ತೆಯವರಿಗೆ ಬಂತು. ಮುಂದಿನ ಚೀಟಿ ಮೂವರಿಗೂ ಸಮಾನ, ಹಾಗಾಗಿ ಕಂದಕದವರು ಒಪ್ಪದೆ ಕಾದರೆ ಸರಾಸರಿ ಸಿಗುವುದು 3 ಲಕ್ಷ, ಅಲ್ವಾ? ಹಾಗಾದರೆ ಅವರ ಕೈಗೆ 3 ಲಕ್ಷ ಇಟ್ಟರೆ ಸಾಕು. ರಸ್ತೆಗೆ 6, ಕಂದಕಕ್ಕೆ 3, ಕಾಲುಸಂಕಕ್ಕೆ ಸೊನ್ನೆ. 1989ರಲ್ಲಿ ಡೇವಿಡ್ ಬ್ಯಾರನ್, ಜಾನ್ ಫೆರೆಜಾನ್ ಎಂಬ ವಿದ್ವಾಂಸರು ಶಾಸನಸಭೆಯ ಚೌಕಾಸಿಗೆ ಕೊಟ್ಟ ಮಾದರಿಯ ತಿರುಳು ಇದು. ಮೂವರೂ ಒಪ್ಪಲೇಬೇಕು ಅಂತಿದ್ದರೆ ತಲಾ 3 ಲಕ್ಷ ಬರುತ್ತಿತ್ತು. ಅಂದರೆ ಆ ಸೊನ್ನೆ ಯಾರ ಕೆಟ್ಟತನದಿಂದಲೂ ಬಂದದ್ದಲ್ಲ, ನಿಯಮದಿಂದ ಬಂದದ್ದು. ಜುಲೈ ಮಳೆಯಲ್ಲಿ ತೋಡು ಕೆಂಪಾಗಿ ಉಕ್ಕುವಾಗ, ಜಾರುವ ಅಡಿಕೆ ಮರದ ಮೇಲೆ ಒಂದು ಕೈಯಲ್ಲಿ ಚಪ್ಪಲಿ ಹಿಡಿದು ದಾಟುವ ಮಕ್ಕಳನ್ನು ನೋಡಿದವರಿಗೆ ಆ ಸೊನ್ನೆ ಸುಮ್ನೆ ಅಂಕಿಯಾಗಿ ಕಾಣುವುದಿಲ್ಲ.

ಕಾಲುಸಂಕದವರು ಕಂದಕದವರಿಗೆ "ನಿಮಗೆ 4, ನನಗೆ 5" ಅನ್ನಬಹುದಲ್ಲ? ಅನ್ನಬಹುದು. ಆಗ ರಸ್ತೆಯವರು ಇನ್ನೂ ಜಾಸ್ತಿ ಕೊಡಲು ಬರುತ್ತಾರೆ. ಯಾವ ಹಂಚಿಕೆಯನ್ನೂ ಇಬ್ಬರು ಸೇರಿ ಮುರಿಯಬಹುದು. ಈ ಸುತ್ತಾಟ ನಿಲ್ಲಿಸುವುದು, ಮೊದಲು ಮಾತಾಡುವ ಹಕ್ಕು ಮತ್ತು ತಕ್ಷಣ ಮತ ಹಾಕುವ ನಿಯಮ. ಪರೀಕ್ಷೆಗೆ ಇದನ್ನು ಬಿಡಬೇಡಿ.

ಈಗ ನೀತಿಯನ್ನೂ, ಅಂದರೆ ಎಲ್ಲರಿಗೂ ಅನ್ವಯಿಸುವ ಸರ್ಕಾರಿ ನಿಯಮವನ್ನೂ, ಸೇರಿಸಿ. ಗುಡ್ಡದ ಇಳಿಜಾರಿನಲ್ಲಿ ಹೋಂಸ್ಟೇ ಕಟ್ಟಲು ಕಡಿವಾಣ ಬೇಕು ಅಂತ ಕಂದಕದವರ ಆಸೆ. ಅದು ಅವರಿಗೆ 2 ಲಕ್ಷದಷ್ಟು ಬೆಲೆಯದ್ದು. ಕಾದರೆ ಸಿಗುವುದು ಆಗಲೂ 3 ಲಕ್ಷದಷ್ಟೇ ಎಂದಿಟ್ಟುಕೊಳ್ಳೋಣ. ಆಗ ಕಡಿವಾಣದ ಜೊತೆ 1 ಲಕ್ಷ ಕೊಟ್ಟರೂ ಅವರು ಕೈ ಎತ್ತುತ್ತಾರೆ. ರಸ್ತೆಗೆ 8 ಲಕ್ಷ ಉಳಿಯಿತು. ನೀತಿ ಇಲ್ಲಿ ಚಿಲ್ಲರೆ ಕಾಸಿನಂತೆ ಕೆಲಸ ಮಾಡಿತು.

ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ದುಡ್ಡನ್ನು ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಬಿಡಬಹುದು. ನೀತಿಯನ್ನು ಹಾಗೆ ತುಂಡು ಮಾಡಲು ಬರುವುದಿಲ್ಲ. ಉದಾಹರಣೆಗೆ, ಕೊಡಗು ಒಂದು ಕಾಲದಲ್ಲಿ ಪ್ರತ್ಯೇಕ ರಾಜ್ಯವಾಗಿತ್ತು. ಮೈಸೂರಿಗೆ ಸೇರಬೇಕೇ ಬೇಡವೇ ಅನ್ನುವುದು ಆಗಿನ ದೊಡ್ಡ ವಾದ. 1956ರ ನವೆಂಬರ್ 1ರಂದು ಕೊಡಗು ಸೇರಿದಾಗ, ಬೇಡ ಅಂದವರ ಊರೂ ಜೊತೆಗೇ ಸೇರಿತು.