ಎರಡು ಮಕ್ಕಳು ಸಾಕು ಎಂದ ಸಿಂಗಾಪುರಕ್ಕೆ ಈಗ ಹುಡುಗರು ಸಾಲುತ್ತಿಲ್ಲ

ಸಿಂಗಾಪುರದಲ್ಲಿ ವಲಸೆಯ ಮಾತು ಎತ್ತಿದರೆ ಅದು ಬೇಗನೆ ಮಿಲಿಟರಿ ಸೇವೆಗೆ ಹೋಗಿ ನಿಲ್ಲುತ್ತದೆ. ಅಲ್ಲಿಂದ ಮನೆಗೆಷ್ಟು ಮಕ್ಕಳು ಎಂಬಲ್ಲಿಗೆ. ಹೊರಗಿನಿಂದ ನೋಡುವವರಿಗೆ ಇದೆಲ್ಲ ಗೋಜಲು. ಆದರೆ ಈ ಮೂರೂ ಒಂದೇ ಲೆಕ್ಕದ ಭಾಗಗಳು. ಒಂದು ಕಡೆ ಕಳೆದರೆ ಇನ್ನೊಂದು ಕಡೆ ಕೂಡಲೇಬೇಕು.

1965ರಲ್ಲಿ ಮಲೇಷ್ಯಾದಿಂದ ಬೇರೆಯಾದಾಗ ಸಿಂಗಾಪುರಕ್ಕೆ ಎರಡು ಭಯ ಇದ್ದವು. ಜನ ಜಾಸ್ತಿ, ಕೆಲಸ ಕಡಿಮೆ. ಜೊತೆಗೆ ತನ್ನದೇ ಆದ ಸೈನ್ಯ ಇಲ್ಲವೆನ್ನುವಷ್ಟು ಚಿಕ್ಕದು, ಬ್ರಿಟಿಷ್ ಪಡೆಗಳೂ ಒಂದು ದಿನ ಹೊರಡುವವೇ. 1966ರಲ್ಲಿ ಕುಟುಂಬ ಯೋಜನಾ ಮಂಡಳಿ ಬಂತು. 1967ರಲ್ಲಿ ಹುಡುಗರಿಗೆ ಕಡ್ಡಾಯ ಸೇವೆ ಬಂತು. ಮಕ್ಕಳು ಕಡಿಮೆ ಇರಲಿ ಎಂದು ಒಂದು ಇಲಾಖೆ, ಹದಿನೆಂಟಾದ ಹುಡುಗನನ್ನು ಕಳಿಸಿಕೊಡಿ ಎಂದು ಇನ್ನೊಂದು. ಆಗ ಇವೆರಡಕ್ಕೂ ಸಂಬಂಧ ಇದೆ ಅಂತ ಹೆಚ್ಚಿನವರಿಗೆ ಅನಿಸಿರಲಿಲ್ಲ.

ನಿಜವಾದ ಬಿಗಿ ಶುರುವಾದದ್ದು 1972ರಲ್ಲಿ. ಹೆಣ್ಣಾಗಲಿ ಗಂಡಾಗಲಿ, ಎರಡು ಸಾಕು ಎಂಬ ಪೋಸ್ಟರ್ ಎಲ್ಲೆಡೆ ಬಂತು. ನಮ್ಮಲ್ಲೂ ಅದೇ ಕಾಲಕ್ಕೆ ಆಸ್ಪತ್ರೆ ಗೋಡೆಗಳ ಮೇಲೆ ಕೆಂಪು ತ್ರಿಕೋನ ಇತ್ತು, 'ಆರತಿಗೊಬ್ಬಳು ಕೀರ್ತಿಗೊಬ್ಬ' ಜನರ ಬಾಯಲ್ಲಿತ್ತು. ಆದರೆ ಸಿಂಗಾಪುರ ಗೋಡೆಬರಹಕ್ಕೆ ನಿಲ್ಲಲಿಲ್ಲ. ಎಷ್ಟನೆಯ ಮಗು ಎಂಬುದನ್ನು ನೋಡಿ ಸರ್ಕಾರಿ ಆಸ್ಪತ್ರೆಯ ಹೆರಿಗೆ ಬಿಲ್ ಏರುತ್ತಿತ್ತು. ಸಂಬಳದ ಹೆರಿಗೆ ರಜೆ ಎರಡನೆಯ ಮಗುವಿಗೇ ಮುಗಿಯಿತು. ನಾಲ್ಕನೆಯ ಮಗುವಿಗೆ ಒಳ್ಳೆಯ ಶಾಲೆಯ ಸರದಿಯಲ್ಲಿ ಹಿಂದಿನ ಸ್ಥಾನ. ತಂದೆಯೋ ತಾಯಿಯೋ ಆಪರೇಷನ್ ಮಾಡಿಸಿಕೊಂಡಿದ್ದರೆ ಮುಂದಿನ ಸ್ಥಾನ. ಶಾಲೆಗೆ ಹೋಗುವ ಮಗುವಿನ ಮೇಲೆ ಈ ಭಾರ ಹಾಕಬಾರದಿತ್ತು.

ಇಷ್ಟಕ್ಕೂ ಅಷ್ಟು ಬಿಗಿ ಬೇಕಿತ್ತೇ? ಒಬ್ಬ ಮಹಿಳೆಗೆ ಸರಾಸರಿ 1965ರಲ್ಲಿ 4.66 ಮಕ್ಕಳಿದ್ದದ್ದು 1975ರ ಹೊತ್ತಿಗೇ ಎರಡರ ಆಸುಪಾಸಿಗೆ ಇಳಿದಿತ್ತು. ಹುಡುಗಿಯರು ಓದುತ್ತಿದ್ದರು, ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಿದ್ದರು, ಸಂಸಾರಗಳು ಸರ್ಕಾರಿ ಫ್ಲ್ಯಾಟ್‌ಗಳಿಗೆ ಬಂದಿದ್ದವು. ಆದರೂ ನೀತಿ ಮಾತ್ರ ಇನ್ನೂ ಹನ್ನೆರಡು ವರ್ಷ ನಿಲ್ಲಲಿಲ್ಲ. ನಡುವೆ 1984ರಲ್ಲಿ, ಪದವಿ ಓದಿದ ತಾಯಂದಿರ ಮಕ್ಕಳಿಗೆ ಶಾಲೆಯಲ್ಲಿ ಆದ್ಯತೆ ಕೊಟ್ಟರು. ಓದದ ತಾಯಿ ಎರಡಕ್ಕೇ ನಿಲ್ಲಿಸಿದರೆ ದುಡ್ಡು ಕೊಟ್ಟರು. ಜನ ಸಿಟ್ಟಾದರು. ಮರುವರ್ಷವೇ ಶಾಲೆಯ ಆದ್ಯತೆ ಹೋಯಿತು. 1987ರಲ್ಲಿ ಹೊಸ ಘೋಷಣೆ ಬಂತು: ಕೈಲಾಗುವುದಾದರೆ ಮೂರು ಅಥವಾ ಹೆಚ್ಚು. ಅಷ್ಟರಲ್ಲಿ ಎರಡು ಮಕ್ಕಳ ಸಂಸಾರವೇ ರೂಢಿಯಾಗಿತ್ತು. 2001ರಿಂದ ಮಗುವಿಗೆ ಬೋನಸ್ ಕೊಟ್ಟರೂ ತಿರುಗಲಿಲ್ಲ. 2023ರಲ್ಲಿ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 0.97.

ಖಾಲಿ ಜಾಗ ತುಂಬಿದ್ದು ವಲಸೆ. 1990ರಲ್ಲಿ ಸುಮಾರು 30 ಲಕ್ಷ ಇದ್ದ ಜನಸಂಖ್ಯೆ 2024ಕ್ಕೆ 60 ಲಕ್ಷ ದಾಟಿತು. ಅದರಲ್ಲಿ ಪ್ರಜೆಗಳು ಸುಮಾರು 36 ಲಕ್ಷ. 2030ಕ್ಕೆ 69 ಲಕ್ಷದವರೆಗೂ ಆಗಬಹುದು ಎಂದು 2013ರಲ್ಲಿ ಸರ್ಕಾರ ಶ್ವೇತಪತ್ರ ತಂದಾಗ, ಸಭೆ ಸೇರಿ ಪ್ರತಿಭಟಿಸುವುದೇ ಅಪರೂಪವಾದ ಆ ದೇಶದಲ್ಲಿ ಸಾವಿರಾರು ಜನ ಹಾಂಗ್ ಲಿಮ್ ಪಾರ್ಕಿನಲ್ಲಿ ಸೇರಿದರು.

ಅವರ ನೋವು ಸುಮ್ನೆ ಅಲ್ಲ. ಹುಡುಗನಿಗೆ ಎರಡು ವರ್ಷ ಪೂರ್ಣ ಸೇವೆ, ಆಮೇಲೆ ಹತ್ತು ಸುತ್ತು ಮರು ತರಬೇತಿ, ವರ್ಷಕ್ಕೆ 40 ದಿನದವರೆಗೆ. ಆ ಕರೆ ಬರದ ವಿದೇಶಿಯನ್ನೇ ಕಂಪನಿಗಳು ಇಷ್ಟಪಡುತ್ತವೆ ಎಂಬ ದೂರು ಹಳೆಯದು. ಮೂಲ ತರಬೇತಿ ನಡೆಯುವ ಪುಲಾವ್ ತೆಕೋಂಗ್ ದ್ವೀಪಕ್ಕೆ ಹುಡುಗ ಹೋಗುವ ಮೊದಲ ದಿನ ಅಪ್ಪ ಅಮ್ಮನೂ ಫೆರ್ರಿ ಹತ್ತುತ್ತಾರೆ. ಮಲಗುವ ಕೋಣೆ ನೋಡುತ್ತಾರೆ, ಪ್ರತಿಜ್ಞೆ ಕೇಳುತ್ತಾರೆ, ಕ್ಯಾಂಪಿನ ಊಟ ಒಟ್ಟಿಗೆ ಮಾಡುತ್ತಾರೆ. ಆಮೇಲೆ ಅವನು ತಲೆ ಬೋಳಿಸಿಕೊಳ್ಳಲು ಹೋಗುತ್ತಾನೆ.

ಆ ಫೆರ್ರಿಯಲ್ಲಿ ಭಾರತದ ಕುಟುಂಬಗಳೂ ಇರುತ್ತವೆ, ಕನ್ನಡಿಗರೂ. ಕೆಲಸಕ್ಕೆ ಬಂದು ಕಾಯಂ ನಿವಾಸಿಯಾದ ಅಪ್ಪನಿಗೆ ಸೇವೆ ಇಲ್ಲ. ಅವನ ಮೂಲಕ ನಿವಾಸಿಯಾದ ಮಗನಿಗೆ ಇದೆ, ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೂ. ಸೇವೆಗೆ ಮುಂಚೆ ನಿವಾಸ ಹಕ್ಕು ಬಿಟ್ಟರೆ, ಮುಂದೆ ಅಲ್ಲಿ ಓದಲು ಅಥವಾ ಕೆಲಸಕ್ಕೆ ಬರಲು ಅಡ್ಡಿ. ಸೇವೆ ಮುಗಿಸಿದರೂ ಪೌರತ್ವ ಖಾತ್ರಿಯಲ್ಲ. ಇದು ನ್ಯಾಯ ಅನಿಸುವುದಿಲ್ಲ. ಎರಡು ವರ್ಷ ಕೊಟ್ಟ ಹುಡುಗನಿಗೆ ಪೌರತ್ವ ತಾನಾಗಿ ಸಿಗಬೇಕು ಅಲ್ವಾ?

ಇನ್ನೂ ಕಠಿಣವಾದದ್ದು ಗೂರ್ಖಾಗಳ ಪಾಡು. 1949ರಿಂದ ಪೊಲೀಸ್ ಪಡೆಯಲ್ಲಿರುವ ನೇಪಾಳಿಗಳು ನಿವೃತ್ತಿಯಾದ ಮೇಲೆ ಸಂಸಾರ ಸಮೇತ ನೇಪಾಳಕ್ಕೆ ಮರಳಬೇಕು. ಸಿಂಗಾಪುರದ ಶಾಲೆಯಲ್ಲೇ ಓದಿದ ಮಕ್ಕಳೂ.

ಈಗ ಸೈನ್ಯಕ್ಕೇ ಹುಡುಗರ ಕೊರತೆ. ಯಂತ್ರಗಳಿಂದ ತುಂಬಿಸುವ ಪ್ರಯತ್ನ ನಡೆದಿದೆ. ಮಹಿಳೆಯರು, ಹೊಸ ಪ್ರಜೆಗಳು, ಮೊದಲ ತಲೆಮಾರಿನ ನಿವಾಸಿಗಳಿಗೆ 2014ರಲ್ಲಿ ಸ್ವಯಂಸೇವಾ ದಳ ಶುರುವಾಯಿತು. ಒಳ್ಳೆಯ ಹೆಜ್ಜೆ. ಆದರೆ ಅದರ ಮೂಲ ತರಬೇತಿ ಕೆಲವೇ ವಾರಗಳದ್ದು. ಎರಡು ವರ್ಷ ಮುಗಿಸಿ ಬಂದವರ ಅಸಮಾಧಾನ ಅದರಿಂದ ಕರಗಿಲ್ಲ.