ಸಭೆಗೆ ಅಂಕಪಟ್ಟಿ ಬೇಡ, ತಪ್ಪು ಲೆಕ್ಕ ತನ್ನಿ

ಗಣಿತ ಶಿಕ್ಷಕರ ಸಮಾಲೋಚನಾ ಸಭೆಗೆ ಸಂಪನ್ಮೂಲ ವ್ಯಕ್ತಿಯಾಗಿ ಹೋಗುವ ಮುನ್ನ ಪ್ರತಿ ಸಲವೂ ಒಂದೇ ಕೋರಿಕೆ ಕಳುಹಿಸುತ್ತೇನೆ: ಮಕ್ಕಳು ತಪ್ಪು ಮಾಡಿರುವ ನಾಲ್ಕಾರು ಪುಟಗಳನ್ನು ತನ್ನಿ. ಬರುವುದು ಮಾತ್ರ ಅಂಕಪಟ್ಟಿ, ಪ್ರಶ್ನೆಕೋಠಿ, ಹೋದ ವರ್ಷದ ಪ್ರಶ್ನೆಪತ್ರಿಕೆ. ಜೊತೆಗೆ ಅದೇ ಹಳೆಯ ಪಲ್ಲವಿ: ‘ಮಕ್ಕಳಿಗೆ ಅಡಿಪಾಯವೇ ಇಲ್ಲ ಸಾರ್.’ ಅಡಿಪಾಯದಲ್ಲಿ ಯಾವ ಕಲ್ಲು ಇಲ್ಲ ಎಂದು ಕೇಳಿದರೆ ಎಲ್ಲರೂ ಮೌನ.

ದಶಮಾಂಶವನ್ನೇ ತೆಗೆದುಕೊಳ್ಳಿ. 0.35 ಮತ್ತು 0.7ರಲ್ಲಿ ದೊಡ್ಡದು ಯಾವುದು? ಕೆಲವು ಮಕ್ಕಳು 0.35 ಎನ್ನುತ್ತಾರೆ, ಮೂವತ್ತೈದು ಏಳಕ್ಕಿಂತ ದೊಡ್ಡದಲ್ಲವೇ? ಪೂರ್ಣಸಂಖ್ಯೆಯ ನಿಯಮವನ್ನು ಅವರು ಬಿಂದುವಿನ ಬಲಕ್ಕೂ ಎಳೆದು ತಂದಿದ್ದಾರೆ. ಇವರು ಕೆಂಪು ಶಾಯಿಗೆ ಸಿಕ್ಕಿಬೀಳುತ್ತಾರೆ. ನನಗೆ ಹೆಚ್ಚು ಚಿಂತೆ 0.7 ಎಂದು ಸರಿಯಾಗಿ ಬರೆದವರದು. ಅವರಲ್ಲಿ ಕೆಲವರ ತರ್ಕ ಹೀಗಿರುತ್ತದೆ: ನೂರನೇ ಒಂದು ಭಾಗ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದು, ಆದ್ದರಿಂದ ಬಿಂದುವಿನ ನಂತರ ಅಂಕಿ ಹೆಚ್ಚಿದಷ್ಟೂ ಸಂಖ್ಯೆ ಚಿಕ್ಕದಾಗುತ್ತದೆ. ಅವರ ಮುಂದೆ 0.4 ಮತ್ತು 0.45 ಇಡಿ, 0.4 ದೊಡ್ಡದು ಎನ್ನುತ್ತಾರೆ. ಮೊದಲ ಗುಂಪಿನವರು ಈ ಪ್ರಶ್ನೆಯಲ್ಲಿ ಪೂರ್ಣ ಅಂಕ ಪಡೆಯುತ್ತಾರೆ! ಇನ್ನು ನಮಗೆ ಪ್ರಿಯವಾದ 0.35 ಮತ್ತು 0.72ರಂಥ ಜೋಡಿ ಕೊಟ್ಟರೆ ಸಾಮಾನ್ಯವಾಗಿ ಎರಡೂ ಗುಂಪು ಪಾಸು. ಶಿಕ್ಷಕರೂ ನಿರಾಳ.

‘4.3, 4.4, 4.5, ಮುಂದೇನು?’ ಎಂದದ್ದಕ್ಕೆ ಒಬ್ಬ ಹುಡುಗ ‘ಐದು’ ಎಂದ. ತರಗತಿ ನಕ್ಕಿತು, ಮೇಡಂ ಗದರಿದರು. ಹತ್ತಿರ ಕರೆದು ವಿಚಾರಿಸಿದೆ. ‘ಇನ್ನೊಂದು ಬಾಲ್ ಹಾಕಿದರೆ ಓವರ್ ಮುಗಿಯಿತಲ್ಲ ಸಾರ್.’ ಅವನ ಬಿಂದು ಆರರ ಲೆಕ್ಕದ್ದು, ಪುಸ್ತಕದ್ದು ಹತ್ತರ ಲೆಕ್ಕದ್ದು. ಗದರಿದರೆ ಇದು ತಿಳಿಯುತ್ತಿತ್ತೇ? ದುಡ್ಡಿನ ಉದಾಹರಣೆಯೂ ಅಷ್ಟು ಸಾಧುವಲ್ಲ. ಎಡಕ್ಕೆ ರೂಪಾಯಿ, ಬಲಕ್ಕೆ ಪೈಸೆ ಎಂದಷ್ಟೇ ಕಲಿತ ಮಗುವಿಗೆ 5.5 ಎಂದರೆ ಐದು ರೂಪಾಯಿ ಐದು ಪೈಸೆ. 0.35 ಅನ್ನು ‘ಸೊನ್ನೆ ಪಾಯಿಂಟ್ ಮೂರು ಐದು’ ಎನ್ನದೆ ‘ಸೊನ್ನೆ ಪಾಯಿಂಟ್ ಮೂವತ್ತೈದು’ ಎಂದು ಓದಿಸುವವರೂ ನಾವೇ ತಾನೇ.

ತಪ್ಪಿನ ಹಿಂದೆಯೂ ಒಂದು ತರ್ಕವಿರಬಹುದು ಎಂಬುದು ನನ್ನ ಹೊಸ ಶೋಧವೇನಲ್ಲ. 52ರಲ್ಲಿ 27 ಕಳೆದು 35 ಎಂದು ಬರೆಯುವ ಮಕ್ಕಳು ಎಲ್ಲ ಊರಿನಲ್ಲೂ ಇದ್ದಾರೆ. ಬಿಡಿ ಸ್ಥಾನದಲ್ಲಿ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿರುತ್ತಾರೆ, ಅಷ್ಟೇ. ಕಳೆಯುವ ಲೆಕ್ಕದ ಇಂಥ ತಪ್ಪುಗಳಿಗೂ ಒಂದು ಕ್ರಮವಿರುತ್ತದೆ ಎಂಬುದನ್ನು ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲೇ ವಿವರಿಸಿದ್ದಾರೆ. ಎಲ್ಲ ತಪ್ಪಿನ ಹಿಂದೆಯೂ ತರ್ಕವಿದೆ ಎಂದು ನಾನು ವಾದಿಸುವುದಿಲ್ಲ. ಅವಸರ, ಹಸಿವು, ಪಕ್ಕದವನ ನಕಲು, ಎಲ್ಲವೂ ಉಂಟು. ಒಂದೇ ಪುಟ ನೋಡಿ ಮಗುವಿನ ಮನಸ್ಸು ಓದಿದೆ ಎನ್ನುವವರನ್ನು ನಂಬಬೇಡಿ.

ಅದಕ್ಕೇ ಸಭೆಯಲ್ಲಿ ಹೀಗೆ ಮಾಡಿ. ಹೆಸರು ಮುಚ್ಚಿ ಒಂದು ಪುಟ ಎಲ್ಲರಿಗೂ ಕೊಡಿ. ಪರಿಹಾರದ ಮಾತು ಸ್ವಲ್ಪ ಹೊತ್ತು ಬೇಡ (ಇದು ನಮ್ಮವರಿಗೆ ಬಹಳ ಕಷ್ಟ). ಮಗು ಏನು ಯೋಚಿಸಿರಬಹುದು ಎಂಬುದನ್ನಷ್ಟೇ ಬರೆಯಿರಿ. ಅದು ನಿಜವಾದರೆ ಇದೇ ಮಗು ಇನ್ನೊಂದು ಲೆಕ್ಕಕ್ಕೆ ಯಾವ ತಪ್ಪು ಉತ್ತರ ಕೊಡುತ್ತದೆ ಎಂದು ಮೊದಲೇ ಗುರುತು ಹಾಕಿಕೊಳ್ಳಿ. ಮರುದಿನ ಆ ಲೆಕ್ಕ ಕೊಟ್ಟು ನೋಡಿ. ಊಹೆ ಸುಳ್ಳಾದರೆ ಮಗುವನ್ನೇ ಕೇಳಿ. ಅರವತ್ತು ಮಕ್ಕಳ ತರಗತಿಯಲ್ಲಿ ಎಲ್ಲರಿಗೂ ಇದು ಆಗದ ಮಾತು. ವಾರಕ್ಕೆ ಇಬ್ಬರಾದರೂ ಸಾಕು.

ಹಿರಿಯ ಮೇಷ್ಟ್ರೊಬ್ಬರು ನೇರವಾಗಿ ಕೇಳಿದರು: ‘ನಮ್ಮ ಶಾಲೆಯ ತಪ್ಪನ್ನು ನಾಲ್ಕು ಜನರ ಮುಂದೆ ಯಾಕೆ ಹರಡಬೇಕು?’ ಅವರ ಸಂಕೋಚ ಸುಳ್ಳಲ್ಲ. ಶೇಕಡಾವಾರು ಫಲಿತಾಂಶ ಓದಿ, ಶಿಕ್ಷಕರನ್ನು ಎದ್ದು ನಿಲ್ಲಿಸಿ ಕೇಳುವ ಸಭೆಗೆ ಯಾರು ತಾನೇ ತಪ್ಪು ಲೆಕ್ಕ ತಂದಾರು? ಹಾಗಾಗಿ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ: ತಪ್ಪು ಲೆಕ್ಕ ನೋಡುವ ಆ ಅರ್ಧ ಗಂಟೆ ನೀವು ಹೊರಗೆ ಚಹಾ ಕುಡಿಯಿರಿ.