ಇಪ್ಪತ್ತು ಭಿಕ್ಷುಗಳ ಬಟ್ಟೆಯ ಲೆಕ್ಕ

ನಾಸಿಕದ ಪಾಂಡವಲೇಣಿ ಬೆಟ್ಟದಲ್ಲಿ ಹತ್ತನೇ ನಂಬರಿನ ಗುಹೆ ಇದೆ. ಅದರ ಗೋಡೆಯ ಮೇಲೆ ಕೆತ್ತಿರುವುದು ಒಂದು ಬಡ್ಡಿ ಲೆಕ್ಕ. ಸುಮಾರು 1900 ವರ್ಷ ಹಳೆಯದು. ಪಶ್ಚಿಮ ಭಾರತವನ್ನು ಆಳುತ್ತಿದ್ದ ಕ್ಷತ್ರಪ ವಂಶದ ರಾಜ ನಹಪಾನನ ಅಳಿಯ ಉಷವದಾತ ಈ ಗುಹೆಯನ್ನು ಭಿಕ್ಷುಸಂಘಕ್ಕೆ ದಾನ ಕೊಟ್ಟ. ಜೊತೆಗೆ 3000 ಕಾರ್ಷಾಪಣ ನಾಣ್ಯಗಳನ್ನೂ ಎತ್ತಿಟ್ಟ. ಆ ದುಡ್ಡು ಹೋಗಿದ್ದು ಗೋವರ್ಧನ ಎಂಬ ಊರಿನ ನೇಕಾರರ ಎರಡು ಶ್ರೇಣಿಗಳಿಗೆ, ಅಂದರೆ ಕಸುಬುದಾರರ ಸಂಘಗಳಿಗೆ, ಠೇವಣಿಯಾಗಿ. ಒಂದು ಶ್ರೇಣಿಯಲ್ಲಿ 2000, ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ಇನ್ನೊಂದರಲ್ಲಿ 1000, ನೂರಕ್ಕೆ ಮುಕ್ಕಾಲು. ಅಸಲನ್ನು ಮುಟ್ಟುವ ಹಾಗಿಲ್ಲ, ಬಡ್ಡಿಯನ್ನು ಮಾತ್ರ ಬಳಸಬೇಕು ಅಂತ ಶಾಸನ ಖಡಾಖಂಡಿತವಾಗಿ ಹೇಳುತ್ತದೆ. ಊರಿನ ಸಭೆಯಲ್ಲಿ ಓದಿ ಹೇಳಿಸಿ, ದಾಖಲೆಯಲ್ಲಿ ಬರೆಸಿದ್ದೂ ಆಯಿತು.

2000ಕ್ಕೆ ವರ್ಷದ ಬಡ್ಡಿ 240. ಈ ಗುಹೆಯಲ್ಲಿ ಮಳೆಗಾಲ ಕಳೆಯುವ 20 ಭಿಕ್ಷುಗಳಿಗೆ ಬಟ್ಟೆಗೆಂದು ತಲಾ 12. ಲೆಕ್ಕ ಕಾಸಿಗೆ ಕಾಸು ಸರಿಹೋಗುತ್ತದೆ.

ಬೌದ್ಧಧರ್ಮ ಹೇಗೆ ಹರಡಿತು ಅಂತ ಕೇಳಿದರೆ ನಮಗೆ ತಕ್ಷಣ ನೆನಪಾಗುವುದು ಅಶೋಕ. ಕಳಿಂಗ ಯುದ್ಧ, ಪಶ್ಚಾತ್ತಾಪ, ಧರ್ಮದೂತರು. ಅದು ಸುಳ್ಳಲ್ಲ. ಆದರೆ ಮೌರ್ಯರು ಕ್ರಿ.ಪೂ. 185ರ ಹೊತ್ತಿಗೆ ಮುಗಿದುಹೋದರು. ಬೌದ್ಧಧರ್ಮ ಅತಿ ಹೆಚ್ಚು ದೂರ ಹೋಗಿದ್ದು ಅದರ ನಂತರ. ಆಮೇಲಿನ ಆ ಸಾವಿರ ವರ್ಷ ಅದನ್ನು ಹೊತ್ತವರು ಯಾರು, ಸಾಕಿದವರು ಯಾರು? ನನ್ನ ಮಟ್ಟಿಗೆ ಇದಕ್ಕೆ ಒಳ್ಳೆಯ ಉತ್ತರ ಸಿಗುವುದು ನಾಸಿಕದ ಈ ಗೋಡೆಯಂಥ ಕಡೆಗಳಲ್ಲೇ.

ಅಶೋಕನ ಪಾಲು ಎಷ್ಟು ಅಂತ ಮೊದಲು ನೋಡೋಣ. 1837ರಲ್ಲಿ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಬಂಡೆಗಳ ಮೇಲೆ ಸಿಕ್ಕಿದ್ದು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದುಗಳು. ಅಶೋಕ ಎಂಬ ಹೆಸರೇ ಇರುವ ಶಾಸನ ಮೊದಲು ಸಿಕ್ಕಿದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಿ ಇನ್ನೂ ಸೊಗಸಾದ ಸುಳಿವಿದೆ. ಬರೆದವನು ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿದೆ, ಆದರೆ ಕೊನೆಯಲ್ಲಿ ತಾನು ಲಿಪಿಕಾರ ಎಂಬುದನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದ. ಖರೋಷ್ಠಿ ಬಲದಿಂದ ಎಡಕ್ಕೆ ಬರೆಯುವ ಲಿಪಿ, ಗಾಂಧಾರದ, ಅಂದರೆ ಈಗಿನ ಪಾಕಿಸ್ತಾನದ ವಾಯವ್ಯ ಭಾಗದ ಕಡೆಯದು. ಅಲ್ಲಿಂದ ಚಿತ್ರದುರ್ಗಕ್ಕೆ ನೇರ ಗೆರೆ ಎಳೆದರೂ 2000 ಕಿಲೋಮೀಟರ್ ದಾಟುತ್ತದೆ. ಆ ಕಾಲಕ್ಕೇ ದಾರಿಗಳು ಎಷ್ಟು ಉದ್ದಕ್ಕೂ ತೆರೆದಿದ್ದವು ಅನ್ನುವುದಕ್ಕೆ ಈ ಒಂದು ಸಹಿ ಸಾಕು.

ಬುದ್ಧ ಹುಟ್ಟಿದ ಲುಂಬಿನಿಗೂ ಅಶೋಕ ಹೋಗಿದ್ದ. ಅಲ್ಲೊಂದು ಕಂಬ ನಿಲ್ಲಿಸಿ, ಊರಿನ ತೆರಿಗೆಯನ್ನು ಎಂಟನೇ ಒಂದು ಪಾಲಿಗೆ ಇಳಿಸಿದ. ಇಲ್ಲೂ ನೋಡಿ, ಭಕ್ತಿಯ ಜೊತೆಗೆ ಲೆಕ್ಕ! ಅದೇ ಜಾಗದಲ್ಲಿ ಮಾಯಾದೇವಿ ಗುಡಿಯ ಕೆಳಗೆ ಅಗೆದ ಪುರಾತತ್ವ ತಂಡ 2013ರಲ್ಲಿ ತನ್ನ ಫಲಿತಾಂಶ ಪ್ರಕಟಿಸಿತು. ಇಟ್ಟಿಗೆ ಕಟ್ಟಡಗಳಿಗೂ ಕೆಳಗೆ ಮರದ ಕಂಬ ನೆಟ್ಟ ಗುಳಿಗಳು, ನಡುವೆ ಬಯಲು ಜಾಗ, ಅಲ್ಲಿ ಮರದ ಬೇರಿನ ಗುರುತು. ಕಾಲ ತಿಳಿಯಲು ಎರಡು ವಿಧಾನ ಬಳಸಿದರು. ಇದ್ದಿಲ ಚೂರಿಗೆ ರೇಡಿಯೋ ಕಾರ್ಬನ್. ಮಣ್ಣಿಗೆ ಬೇರೆ ಉಪಾಯ. ಹೂತುಹೋದ ಮರಳಿನ ಹರಳು ಸುತ್ತಲಿನ ವಿಕಿರಣದಿಂದ ನಿಧಾನವಾಗಿ ಶಕ್ತಿ ಕೂಡಿಟ್ಟುಕೊಳ್ಳುತ್ತದೆ. ಬಿಸಿಲು ಬಿದ್ದರೆ ಅದು ಸೊನ್ನೆಗೆ ಇಳಿಯುತ್ತದೆ. ಹಾಗಾಗಿ ಕತ್ತಲಲ್ಲೇ ಮಾದರಿ ತೆಗೆದು ಪ್ರಯೋಗಾಲಯದಲ್ಲಿ ಬೆಳಕು ಹಾಯಿಸಿ ಅಳೆದರೆ, ಆ ಹರಳು ಕೊನೆಯ ಸಲ ಸೂರ್ಯನನ್ನು ಕಂಡಿದ್ದು ಯಾವಾಗ ಅಂತ ಗೊತ್ತಾಗುತ್ತದೆ. ಉತ್ತರ ಬಂದಿದ್ದು ಕ್ರಿ.ಪೂ. 6ನೇ ಶತಮಾನ. ಅದು ಬುದ್ಧನ ನೆನಪಿಗೇ ಕಟ್ಟಿದ್ದೋ, ಅದಕ್ಕೂ ಮುಂಚಿನ ವೃಕ್ಷಪೂಜೆಯ ಜಾಗವೋ ಎಂಬ ವಾದ ಇನ್ನೂ ಇದೆ.

ಈಗ ಮತ್ತೆ ಗುಹೆಗಳಿಗೆ ಬರೋಣ. ಭಿಕ್ಷುಗಳು ಊರೂರು ತಿರುಗುವವರು, ಆದರೆ ಮಳೆಗಾಲದ ಮೂರು ತಿಂಗಳು ಒಂದೇ ಕಡೆ ಇರಬೇಕೆಂಬುದು ನಿಯಮ. ಚಿನ್ನ ಬೆಳ್ಳಿ ಮುಟ್ಟಬಾರದು ಎಂಬುದು ಇನ್ನೊಂದು. ಇದರ ಮೇಲೆ ಸಂಘದೊಳಗೇ ಜಗಳ ಎದ್ದಿತ್ತು. ವೈಶಾಲಿಯ ಭಿಕ್ಷುಗಳು ದುಡ್ಡು ಪಡೆಯುತ್ತಾರೆ ಎಂಬುದು ಎರಡನೇ ಸಂಗೀತಿಯಲ್ಲಿ, ಅಂದರೆ ಬೌದ್ಧ ಭಿಕ್ಷುಗಳ ಮಹಾಸಭೆಯಲ್ಲಿ, ಚರ್ಚೆಯಾದ ಹತ್ತು ವಿಷಯಗಳಲ್ಲಿ ಒಂದು. ಭಿಕ್ಷುಗಳು ದುಡ್ಡು ಮುಟ್ಟುವಂತಿಲ್ಲ, ಆದರೆ ನೂರಾರು ವರ್ಷ ವಿಹಾರ, ಅಂದರೆ ಅವರ ಮಠ, ನಡೆಯಬೇಕು. ಹಾಗಾದರೆ ದುಡ್ಡು ನೋಡಿಕೊಳ್ಳುವ ನಂಬಿಗಸ್ತರು ಬೇಕು ಅಲ್ವಾ? ನೇಕಾರರ ಶ್ರೇಣಿ ಮಾಡಿದ್ದು ಅದನ್ನೇ. ಅವರಿಗೆ ಮಗ್ಗಕ್ಕೆ ಬಂಡವಾಳ ಸಿಕ್ಕಿತು, ಭಿಕ್ಷುಗಳಿಗೆ ವರ್ಷವರ್ಷ ಬಟ್ಟೆ ಸಿಕ್ಕಿತು. ಉಷವದಾತ ಅಪ್ಪಟ ಬೌದ್ಧನೂ ಅಲ್ಲ. ಬ್ರಾಹ್ಮಣರಿಗೆ ಮೂರು ಲಕ್ಷ ಹಸು ದಾನ ಕೊಟ್ಟೆ ಅಂತ ಅವನೇ ಬರೆಸಿದ್ದಾನೆ.

ಸಹ್ಯಾದ್ರಿಯ ಗುಹೆಗಳು ಇರುವ ಜಾಗ ಗಮನಿಸಿ. ಕಾರ್ಲೆ, ಭಾಜಾ, ಬೇಡ್ಸೆ ಇರುವುದು ಭೋರ್ ಘಾಟಿನ ಹತ್ತಿರ. ಜುನ್ನರ್ ನಾಣೇಘಾಟಿನ ಹತ್ತಿರ. ಕಾನ್ಹೇರಿ ಇರುವುದು ಸೋಪಾರಾ ಬಂದರಿಗೆ ಸಮೀಪ. ಕರಾವಳಿಯಿಂದ ಘಟ್ಟ ಹತ್ತುವ ಸರಕೆಲ್ಲ ಇವುಗಳ ಪಕ್ಕದಲ್ಲೇ ಸಾಗಬೇಕಿತ್ತು. ಕಾರ್ಲೆಯ ಚೈತ್ಯದಲ್ಲಿ, ಅಂದರೆ ಬಂಡೆ ಕೊರೆದು ಮಾಡಿದ ಪೂಜಾಮಂದಿರದಲ್ಲಿ, ನಿಂತು ಕಂಬಗಳನ್ನು ಒಂದೊಂದಾಗಿ ಓದಿದರೆ ಕೊಟ್ಟವರ ಹೆಸರು ಸಿಗುತ್ತವೆ. ಧೇನುಕಾಕಟ ಎಂಬ ಊರಿನ ಯವನರು (ಗ್ರೀಕ್ ಮೂಲದವರನ್ನು ಹೀಗೆ ಕರೆಯುತ್ತಿದ್ದರು) ಕಂಬಗಳನ್ನು ಕೊಟ್ಟಿದ್ದಾರೆ. ಅದೇ ಊರಿನ ಸಿಂಹದತ್ತ ಎಂಬ ಸುಗಂಧ ವ್ಯಾಪಾರಿ ಬಾಗಿಲೊಂದನ್ನು ಮಾಡಿಸಿದ್ದಾನೆ. ಇಡೀ ಶಿಲಾಗೃಹವನ್ನು ಮುಗಿಸಿದವನು ವೈಜಯಂತಿಯ ಸೆಟ್ಟಿ ಭೂತಪಾಲ. ವೈಜಯಂತಿ ಅಂದರೆ ನಮ್ಮ ಬನವಾಸಿ. ‘ಜಂಬೂದ್ವೀಪದಲ್ಲೇ ಉತ್ತಮವಾದದ್ದು’ ಅಂತ ಅವನು ಬರೆಸಿದ. ಆ ಚೈತ್ಯ ನೋಡಿದವರಿಗೆ ಅದು ಬಡಾಯಿ ಅನ್ನಿಸುವುದಿಲ್ಲ.

ಭಾರತದ ಆಚೆಗೂ ಇದೇ ಕಥೆ. ಕುಷಾಣ ರಾಜ ಕನಿಷ್ಕ ತನ್ನ ಚಿನ್ನದ ನಾಣ್ಯದ ಮೇಲೆ ಬುದ್ಧನನ್ನು ಅಚ್ಚು ಹಾಕಿಸಿ, ಪಕ್ಕದಲ್ಲಿ ಗ್ರೀಕ್ ಅಕ್ಷರಗಳಲ್ಲಿ ಹೆಸರು ಬರೆಸಿದ. ರೇಷ್ಮೆ ದಾರಿಯಲ್ಲಿ ಖೋತಾನ್, ಕೂಚಾ, ತುರ್ಫಾನ್ ಹೀಗೆ ನೀರಿರುವ ಊರಿಂದ ಊರಿಗೆ ವಿಹಾರಗಳು ಎದ್ದವು. 148ರಲ್ಲಿ ಲುವೊಯಾಂಗ್ ನಗರಕ್ಕೆ ಬಂದು ಗ್ರಂಥಗಳನ್ನು ಚೀನೀ ಭಾಷೆಗೆ ತಂದ ಆನ್ ಶಿಗಾವೊ ಪಾರ್ಥಿಯಾದವನು, ಅಂದರೆ ಈಗಿನ ಇರಾನಿನ ಕಡೆಯವನು. ದಕ್ಷಿಣ ಚೀನಾಕ್ಕೆ ಧರ್ಮ ಒಯ್ದ ಕಾಂಗ್ ಸೆಂಗ್‌ಹುಯಿಯ ಕಥೆ ಇನ್ನೂ ಚೆನ್ನಾಗಿದೆ. ಅವನ ವಂಶ ಮಧ್ಯ ಏಷ್ಯಾದ ಸೊಗ್ಡಿಯಾನಾದ್ದು, ತಲೆಮಾರುಗಳಿಂದ ಭಾರತದಲ್ಲಿ ನೆಲೆಸಿತ್ತು. ಅಪ್ಪ ವ್ಯಾಪಾರಕ್ಕೆಂದು ಈಗಿನ ಉತ್ತರ ವಿಯೆಟ್ನಾಂಗೆ ಹೋದ. ಮಗ ಭಿಕ್ಷುವಾಗಿ 247ರಲ್ಲಿ ಈಗಿನ ನಾನ್‌ಜಿಂಗ್ ತಲುಪಿದ. ಒಂದು ವ್ಯಾಪಾರಿ ಕುಟುಂಬ ಅರ್ಧ ಏಷ್ಯಾ ಸುತ್ತಿತ್ತು.

ಗ್ರಂಥಗಳಿಗಾಗಿ 399ರಲ್ಲಿ ಚೀನಾದಿಂದ ನಡೆದು ಬಂದ ಫಾಹಿಯಾನ್ ವಾಪಸ್ ಹೋಗಿದ್ದು ಶ್ರೀಲಂಕಾದಿಂದ, 200ಕ್ಕೂ ಹೆಚ್ಚು ಜನರಿದ್ದ ವ್ಯಾಪಾರಿ ಹಡಗಿನಲ್ಲಿ. ಬಿರುಗಾಳಿಗೆ ಹಡಗು ಸೋರತೊಡಗಿತು. ಭಾರ ಇಳಿಸಲು ವ್ಯಾಪಾರಿಗಳು ಸರಕು ಎಸೆಯತೊಡಗಿದರು. ಫಾಹಿಯಾನ್ ತನ್ನ ನೀರಿನ ಪಾತ್ರೆಯನ್ನೂ ಸಮುದ್ರಕ್ಕೆ ಎಸೆದ. ಅವನಿಗಿದ್ದ ಭಯ ಒಂದೇ: ತನ್ನ ಪುಸ್ತಕ, ಮೂರ್ತಿಗಳನ್ನೂ ಎಸೆದುಬಿಟ್ಟರೆ? ಪುಣ್ಯಕ್ಕೆ ಹಾಗಾಗಲಿಲ್ಲ.

ಭಾರತದಲ್ಲಿ ಬೌದ್ಧಧರ್ಮ ಯಾಕೆ ಕುಗ್ಗಿತು ಎಂಬುದಕ್ಕೆ ಒಂದೇ ಕಾರಣ ಕೊಡುವವರನ್ನು ನಾನು ನಂಬುವುದಿಲ್ಲ. ಆದರೆ ಆದಾಯದ ದಾರಿ ಬದಲಾದದ್ದು ದೊಡ್ಡ ವಿಷಯ. ಕಾರ್ಲೆಯ ಹಿಂದೆ ಹತ್ತಾರು ಊರಿನ ಸಣ್ಣಪುಟ್ಟ ದಾನಿಗಳಿದ್ದರು. ಬಿಹಾರದ ದೊಡ್ಡ ವಿದ್ಯಾಕೇಂದ್ರ ನಾಲಂದಾ ನಡೆದದ್ದು ಬಹುಮಟ್ಟಿಗೆ ರಾಜರು ಬಿಟ್ಟುಕೊಟ್ಟ ಹಳ್ಳಿಗಳ ಉತ್ಪನ್ನದಿಂದ. 9ನೇ ಶತಮಾನದಲ್ಲಿ ಸುವರ್ಣದ್ವೀಪದ (ಈಗಿನ ಸುಮಾತ್ರಾ) ರಾಜ ಬಾಲಪುತ್ರದೇವ ಅಲ್ಲೊಂದು ವಿಹಾರ ಕಟ್ಟಿಸಿದಾಗ, ಪಾಲ ದೊರೆ ದೇವಪಾಲ ಅದಕ್ಕೆ ಐದು ಹಳ್ಳಿ ಬಿಟ್ಟುಕೊಟ್ಟ. ರಾಜ್ಯ ಹೋದರೆ ಹಳ್ಳಿಯೂ ಹೋಯಿತು. ಸೆಟ್ಟಿಗಳ ಬೆಂಬಲ ಉಳಿದ ಕಡೆ ಇನ್ನಷ್ಟು ಕಾಲ ನಡೆಯಿತು. ಗದಗ ಹತ್ತಿರದ ಡಂಬಳದಲ್ಲಿ ಹದಿನಾರು ಸೆಟ್ಟಿಗಳು ಕಟ್ಟಿಸಿದ ಬುದ್ಧವಿಹಾರವನ್ನೂ, ಲಕ್ಕುಂಡಿಯ ಸೆಟ್ಟಿಯೊಬ್ಬ ಕಟ್ಟಿಸಿದ ತಾರಾದೇವಿಯ ವಿಹಾರವನ್ನೂ 1095ರ ಶಾಸನ ಹೆಸರಿಸುತ್ತದೆ.

1200ರ ಆಸುಪಾಸಿನ ದಾಳಿಗಳಾದ ಮೇಲೆ, 1235ರ ಸುಮಾರಿಗೆ, ಧರ್ಮಸ್ವಾಮಿ ಎಂಬ ಟಿಬೆಟಿನ ಭಿಕ್ಷು ನಾಲಂದಾಕ್ಕೆ ಬಂದ. ಅಲ್ಲಿ ತೊಂಬತ್ತು ದಾಟಿದ ರಾಹುಲ ಶ್ರೀಭದ್ರರು ಸುಮಾರು 70 ವಿದ್ಯಾರ್ಥಿಗಳಿಗೆ ಇನ್ನೂ ಪಾಠ ಹೇಳುತ್ತಿದ್ದರು. ಸೈನಿಕರು ಬರುವ ಸುದ್ದಿ ತಿಳಿದಾಗ ಧರ್ಮಸ್ವಾಮಿ ಗುರುವನ್ನು ಬೆನ್ನ ಮೇಲೆ ಹೊತ್ತು ಪಾರುಮಾಡಿದ. ಹೀಗೆ ಬಂದುಹೋದವರು ಒಯ್ದ ತಾಳೆಗರಿಗಳು ಟಿಬೆಟಿನ ಮಠಗಳಲ್ಲಿ ಉಳಿದವು. ಹಿಂದಿ ಲೇಖಕ, ವಿದ್ವಾಂಸ ರಾಹುಲ ಸಾಂಕೃತ್ಯಾಯನ 1929ರಿಂದ 1938ರ ನಡುವೆ ನಾಲ್ಕು ಸಲ ಅಲ್ಲಿಗೆ ಹೋಗಿ ಅವುಗಳನ್ನು ಹುಡುಕಿದರು, ಫೋಟೋ ತೆಗೆದರು, ಕೈಯಲ್ಲೇ ನಕಲು ಮಾಡಿದರು. ಭಾರತದಲ್ಲಿ ಕಳೆದೇಹೋಗಿದ್ದ ಧರ್ಮಕೀರ್ತಿಯ ಬೌದ್ಧ ತರ್ಕಶಾಸ್ತ್ರ ಗ್ರಂಥ ಪ್ರಮಾಣವಾರ್ತಿಕದ ಸಂಸ್ಕೃತ ಮೂಲ ಮತ್ತೆ ಅಚ್ಚಾಗಿದ್ದು ಆ ಪ್ರವಾಸಗಳಿಂದಲೇ.